ಮೂರು ಮಿಲಿಗ್ರಾಂ

ಶುಕ್ರವಾರ ಸಂಜೆ ಐದು ನಲವತ್ತು. ಪ್ಲಾಟಿನಂ ತಂತಿ ಮೂರು ಮಿಲಿಗ್ರಾಂ ಕಡಿಮೆ ತೂಗಿತು.

ಸ್ಟೋರಿನ ರುದ್ರೇಶ್ ತಕ್ಕಡಿಯ ಗಾಜಿನ ಬಾಗಿಲು ಮುಚ್ಚಿ ಮತ್ತೊಮ್ಮೆ ನೋಡಿದ. ಅಷ್ಟೇ ಇತ್ತು. ಪೀಣ್ಯದ ಆ ಪ್ರಯೋಗಾಲಯದಲ್ಲಿ ತಂತಿಯನ್ನು ಕೊಡುವಾಗಲೂ ವಾಪಸ್ ಪಡೆಯುವಾಗಲೂ ತೂಗುವುದು ಪದ್ಧತಿ. ಹನ್ನೊಂದು ದಿನ ಅದು ಸಹಾಯಕ ಈಶಪ್ಪನ ಸುಪರ್ದಿಯಲ್ಲಿತ್ತು.

"ಏನ್ ಈಶಪ್ಪ, ಹೆಂಡ್ತಿಗೆ ಮೂಗ್ಬೊಟ್ಟು ಮಾಡಿಸ್ಬಿಟ್ಯಾ?" ರುದ್ರೇಶ್ ನಕ್ಕ. ಪೆನ್ನು ಮಾತ್ರ ಕೆಳಗಿಡಲಿಲ್ಲ. "ಮೇಲಕ್ಕೆ ಬರೀಲೇಬೇಕು ಕಣಪ್ಪ. ಸೋಮವಾರದಿಂದ ಬರ್ಬೇಡ ಅಂದ್ರೂ ಅಂದ್ರೇ."

"ನಾ ಒಯ್ದಿಲ್ರೀ" ಎಂದ ಈಶಪ್ಪ ಒಳಕೋಣೆಗೆ ನಡೆದ.

ಅಲ್ಲಿ ಸಂಶೋಧಕಿ ಸ್ಫೂರ್ತಿ ಕಿಟಕಿಯ ಬಳಿ ನಿಂತು ಬೆರಳಗಲದ ಕಪ್ಪು ತಗಡನ್ನು ಬೆಳಕಿಗೆ ಹಿಡಿದಿದ್ದಳು. ನಿಕ್ಕಲ್, ಮಾಲಿಬ್ಡಿನಂ, ಎರಡು ವರ್ಷದ ಕೆಲಸ. ಎಲ್ಲರೂ ಬಳಸುವ ದುಬಾರಿ ಪ್ಲಾಟಿನಂ ಇಲ್ಲದೆಯೇ ಅದು ನೀರಿನಿಂದ ಜಲಜನಕ ಬಿಡಿಸುತ್ತಿತ್ತು. ಪಾತ್ರೆಯ ಇನ್ನೊಂದು ಬದಿಯಲ್ಲಿ ಕರೆಂಟಿನ ಸುತ್ತು ಮುಗಿಸಲಷ್ಟೇ ಆ ತಂತಿ. ಗುಳ್ಳೆಗಳು ದಿನದಿಂದ ದಿನಕ್ಕೆ ದಟ್ಟವಾಗಿ, ಹೊಗೆಯಂತೆ, ಹಾಲಿನಂತೆ ಏಳುವುದನ್ನು ಅವಳು ಊಟ ಮರೆತು ನೋಡಿದ್ದಳು. ಸೋಮವಾರ ಅದನ್ನು ನೋಡಲು, ಹಣ ಹೂಡಲಿದ್ದ ಕಂಪನಿಯವರು ಬರುವವರಿದ್ದರು.

"ಮೇಡಂ, ಹದಿನಾರು ವರ್ಷ ನಿಕ್ಕಲ್ ಪ್ಲೇಟಿಂಗ್ ಮಾಡೀನ್ರೀ" ಎಂದ ಈಶಪ್ಪ. "ತೊಟ್ಯಾಗ ಕರೆಂಟ್ ಬಿಟ್ರ ಆ ಕಡಿ ಲೋಹ ಕರಗಿ ಈ ಕಡಿ ಬಂದು ಕೂಡ್ತದ. ತಂತಿ ಎಲ್ಲೂ ಹೋಗಿಲ್ರೀ. ನಿಮ್ಮ ಕೈಯಾಗೇ ಅದ."

"ಪ್ಲಾಟಿನಂ ಅಷ್ಟ್ ಸುಲಭವಾಗಿ ಕರಗಲ್ಲ ಈಶಪ್ಪ..." ಸ್ಫೂರ್ತಿ ನಿಲ್ಲಿಸಿದಳು. ಗುಳ್ಳೆಗಳು ದಿನೇ ದಿನೇ ಹೆಚ್ಚಿದ್ದೇಕೆ? ಈಶಪ್ಪ ಕದ್ದಿದ್ದರೆ ತಗಡಿನ ಮೇಲಿನ ಅವಳ ಎರಡು ವರ್ಷದ ಕೆಲಸ ಉಳಿಯುತ್ತಿತ್ತು.

ಹೊರಗೆ ಮೆಟ್ರೋ ರೈಲು ಹಾದುಹೋಯಿತು. ಅದರ ಕಿಟಕಿಗಳಿಂದ ಚಿಮ್ಮಿದ ಬಿಸಿಲು ಮೇಜಿನ ಖಾಲಿ ಪಾತ್ರೆಗಳನ್ನು ಒಂದೊಂದಾಗಿ ತುಂಬಿ, ಒಂದೊಂದಾಗಿ ಖಾಲಿ ಮಾಡಿತು.

ಅವಳು ಸ್ಟೋರಿಗೆ ಬಂದಳು. "ಬರ್ಕೊಳ್ಳಿ ರುದ್ರೇಶ್. ತಂತಿ ಕರಗಿ ನನ್ನ ತಗಡಿಗೆ ಹತ್ತಿದೆ. ಸಹಿ ನಾನ್ ಹಾಕ್ತೀನಿ."

"ಮೇಡಂ, ಸೋಮವಾರ..."

"ಬರ್ಕೊಳ್ಳಿ."

ಆಮೇಲೆ ಅವಳೂ ಈಶಪ್ಪನೂ ಹೊಸ ತಗಡು ಇಳಿಬಿಟ್ಟು, ಪ್ಲಾಟಿನಂ ಸೋಂಕದಂತೆ ತಂತಿಯ ಜಾಗದಲ್ಲಿ ಗ್ರಾಫೈಟ್ ಕಡ್ಡಿ ಕಟ್ಟಿದರು. ಶನಿವಾರ ಇಡೀ ದಿನ ಕರೆಂಟು ಹಿಂದಿನದರ ಆರನೇ ಒಂದು ಭಾಗ ದಾಟಲಿಲ್ಲ. ಸ್ಫೂರ್ತಿ ಕಂಪನಿಯವರಿಗೆ ಫೋನ್ ಮಾಡಿ ಬರಬೇಡಿ ಎಂದಳು.

ಸೋಮವಾರ ಎಂಟೂವರೆಗೆ ಈಶಪ್ಪ ಕೆಲಸಕ್ಕೆ ಬಂದ.