ತುಂಡು ತುಂಡಾಗಿ ಬಂದ ಮಾತು

ಬಣಕಲ್‌ನಲ್ಲಿ ಹೈವೇ ಬದಿಗೆ ಉಬೈದನ ಗ್ಯಾರೇಜು. ಅವನ ಹೆಂಡತಿ ತಾಹಿರಾ ಗೋಣಿಬೀಡಿನಲ್ಲಿ ಇಂಗ್ಲಿಷ್ ಟೀಚರು. ಕಳೆದ ಮಳೆಗಾಲದಲ್ಲಿ, ರಿಪೇರಿ ಮಾಡಿದ ಜೀಪೊಂದನ್ನು ಎಸ್ಟೇಟಿನ ಇಳಿಜಾರಿನಲ್ಲಿ ಓಡಿಸಿ ನೋಡುವಾಗ ಅದು ಮಗುಚಿಕೊಂಡಿತು. ಉಬೈದನ ತಲೆಗೆ ಪೆಟ್ಟಾಯಿತು. ಜೀವ ಉಳಿಯಿತು, ಮಾತು ಹೋಯಿತು.

"ಅವ್ರು ದಿನಾ ಆಡ್ತಿದ್ದ ಪದಗಳಿಂದ ಶುರು ಮಾಡಿ," ಎಂದರು ಡಾಕ್ಟರು.

ಅವನು ದಿನಾ ಆಡುತ್ತಿದ್ದದ್ದು ಗ್ಯಾರೇಜಿನ ಪದಗಳು. ಶಾಲೆಯಲ್ಲಿ ಮಕ್ಕಳಿಗೆ ಉದ್ದುದ್ದ ಪದ ಒಡೆದು ಕಲಿಸುವ ಹಾಗೆಯೇ ತಾಹಿರಾ ಅವನೆದುರು ಕೂತು ಮೇಜು ತಟ್ಟಿದಳು. "ಆಕ್-ಸೆ-ಲ-ರೇ-ಟರ್." ಒತ್ತು ಬೀಳುವ 'ಸೆ'ಗೆ ಜೋರಾಗಿ ತಟ್ಟಿದಳು. ಅವನೂ ತಟ್ಟಿದ, ಬಾಯಿ ಬಿಡಲಿಲ್ಲ. ಎಷ್ಟೋ ವಾರ ಬರೀ ತಟ್ಟಿದ. ಒಂದು ಸಂಜೆ "ಸೆ" ಎಂದ. ತಾಹಿರಾ ಅಡುಗೆಮನೆಗೆ ಹೋಗಿ ದುಪಟ್ಟಾದಲ್ಲಿ ಮುಖ ಮುಚ್ಚಿಕೊಂಡು ಅತ್ತಳು.

ಕಾಫಿ ಹೂ ಬಿಡುವ ಹೊತ್ತಿಗೆ ಸಣ್ಣಸಣ್ಣ ಮಾತು ಆಡತೊಡಗಿದ. ಅವಳನ್ನು ಮಾತ್ರ ಹೆಸರು ಹಿಡಿದು ಕರೆಯುತ್ತಿರಲಿಲ್ಲ. 'ನೀವು' ಅನ್ನುತ್ತಿದ್ದ. ಅದೂ ಬಂದೀತು ಎಂದು ಅವಳು ಸುಮ್ಮನಿದ್ದಳು.

ಒಂದು ದಿನ 'ರೀಕಂಡಿಷನಿಂಗ್' ಹಿಡಿದಳು. "ಮುಂದೆ 'ರೀ' ಬಂದ್ರೆ ಮತ್ತೆ ಅಂತ ಅರ್ಥ. ಹಳೇ ಎಂಜಿನ್ ಬಿಚ್ಚಿ ಮತ್ತೆ ಮೊದಲಿನ ಹಾಗೆ ಮಾಡೋದು, ಅಲ್ವಾ?"

ಉಬೈದ್ ಎಲ್ಲೂ ತಡವರಿಸದೆ ಇಡೀ ಪದ ಹೇಳಿಬಿಟ್ಟ. ಖುಷಿಗೆ ತಾಹಿರಾ ಅವನ ಕೈ ಹಿಡಿದುಕೊಂಡಳು.

ಅವನು ಮೆಲ್ಲಗೆ ಕೈ ಬಿಡಿಸಿಕೊಂಡ. "ಬೇಡ ಟೀಚರೇ. ನನ್ನ ಹೆಂಡ್ತಿ ನೋಡಿದ್ರೆ ಬೇಜಾರು ಮಾಡ್ಕೋತಾಳೆ."

"ನಾನೇ ತಾಹಿರಾ," ಎಂದಳು.

ಅವನು ಅವಳ ಮುಖವನ್ನೇ ನೋಡಿ, ಸಂಕೋಚದಿಂದ ನಕ್ಕ. "ಅವಳ ಹೆಸರೂ ಅದೇ."

ಅವಳು ಮದುವೆಯ ಫೋಟೋ ತಂದು ಕೊಟ್ಟಳು. ಉಬೈದ್ ಮದುಮಗಳ ಮುಖವನ್ನು ಬೆರಳಿನಿಂದ ಸವರಿದ. "ಇವಳೇ. ಯಾಕೋ ಬಂದೇ ಇಲ್ಲ, ನೋಡಿ. ನನಗೋಸ್ಕರ ನೀವು ನಿಮ್ಮ ಮನೇನೂ ಬಿಟ್ಟು ಇಲ್ಲಿದ್ದೀರಿ."

"ಮಾತು ಬಂತಲ್ಲ, ಅದೇ ದೊಡ್ಡದು," ಎಂದರು ಡಾಕ್ಟರು. "ಗುರುತು ಬಾರದೆಯೂ ಇರಬಹುದಮ್ಮ."

ತಾಹಿರಾ ಪಾಠ ನಿಲ್ಲಿಸಲಿಲ್ಲ. ಈಗ ಅವನು ಸರಾಗವಾಗಿ ಮಾತಾಡುತ್ತಾನೆ. ಸಂಜೆ ಮುಖ ತೊಳೆದು, ತಲೆ ಬಾಚಿಕೊಂಡು ಜಗಲಿಯಲ್ಲಿ ಕೂರುತ್ತಾನೆ. ಮೂಡಿಗೆರೆ ಕಡೆಯಿಂದ ಬರುವ ಬಸ್ಸು ನಿಂತು ತಾಹಿರಾ ಇಳಿದರೆ ಎದ್ದು, "ಬಂದ್ರಾ ಟೀಚರೇ?" ಎಂದು ಕೇಳುತ್ತಾನೆ. ಆಮೇಲೆ ಅವಳ ಹಿಂದೆ ಇನ್ಯಾರಾದರೂ ಇಳಿದರೇನೋ ಎಂದು ಕತ್ತು ಚಾಚಿ ನೋಡುತ್ತಾನೆ.