ಖಾತಿಲ್ ಕಣಗಳು

ರೂಹಿಯ ಮಡಿಲು ತುಂಬಬೇಕಾಗಿದ್ದ ಏಳು ಹೆಂಗಸರ ಪಟ್ಟಿಯಿಂದ ಅಲ್ಮಾಸಳ ಹೆಸರನ್ನು ಗುರುವಾರ ಬೆಳಿಗ್ಗೆ ತೆಗೆದುಹಾಕಲಾಯಿತು. ತೆಗೆದವರು ಅವಳ ಅತ್ತೆ ಸಲೀಮಾ. ಕಾರಣವನ್ನು ಅವರು ಮುಚ್ಚಿಡಲಿಲ್ಲ. ರಕ್ತದಲ್ಲಿ ಖಾತಿಲ್ ಇಟ್ಟುಕೊಂಡವಳ ಕೈ ತನ್ನ ಮಗಳ ಮಡಿಲಿಗೆ ಬೇಡ ಎಂದರು. ಖಾತಿಲ್ ಎಂದರೆ ಕೊಲೆಗಾರ.

ರೂಹಿ ಅಲ್ಮಾಸಳ ನಾದಿನಿ. ಚೊಚ್ಚಲ ಬಸುರಿ, ಏಳನೇ ತಿಂಗಳು. ಭಾನುವಾರ ಭದ್ರಾವತಿಯ ತವರುಮನೆಯಲ್ಲಿ ಅವಳ ಸತ್ವಾಸಾ ಶಾಸ್ತ್ರವಿತ್ತು. ಗಂಡನಿರುವ ಏಳು ಹೆಂಗಸರು ಒಬ್ಬೊಬ್ಬರಾಗಿ ಬಸುರಿಯ ಸೆರಗಿಗೆ ಹಣ್ಣು, ಖರ್ಜೂರ, ಬಾದಾಮಿ ಹಾಕುತ್ತಾರೆ. ಏಳೇ ಆಗಬೇಕು, ಅದರಲ್ಲಿ ಒಬ್ಬಳು ಅಣ್ಣನ ಹೆಂಡತಿಯಾಗಿರಬೇಕು ಎಂಬುದು ಆ ಮನೆಯ ಕ್ರಮ. ಆ ಕ್ರಮವನ್ನೂ ಮುರಿದು ಸಲೀಮಾ ಅಲ್ಮಾಸಳ ಜಾಗಕ್ಕೆ ತಮ್ಮ ತಂಗಿಯನ್ನು ಸೇರಿಸಿದ್ದರು.

ಖಾತಿಲ್ ಎಂಬ ಮಾತು ಮನೆಗೆ ಬಂದದ್ದು ಮೂರು ವಾರಗಳ ಹಿಂದೆ. ನಾಲ್ಕು ವರ್ಷಗಳಲ್ಲಿ ಅಲ್ಮಾಸಳಿಗೆ ಮೂರು ಬಾರಿ ಗರ್ಭಪಾತವಾಗಿತ್ತು. ಯಾವುದೂ ಹತ್ತನೇ ವಾರ ದಾಟಿರಲಿಲ್ಲ. ಥೈರಾಯ್ಡ್ ಸರಿಯಿತ್ತು, ರಕ್ತ ಹೆಪ್ಪುಗಟ್ಟುವ ದೋಷಕ್ಕಾಗಿ ಎರಡು ಸಲ ಮಾಡಿಸಿದ ಪರೀಕ್ಷೆಯಲ್ಲಿ ಏನೂ ಸಿಕ್ಕಿರಲಿಲ್ಲ, ಗಂಡ ಹೆಂಡತಿ ಇಬ್ಬರ ವರ್ಣತಂತುಗಳೂ ಸರಿಯಿದ್ದವು. ಗಂಡ ಮುಬಶ್ಶಿರ್ ಶಿವಮೊಗ್ಗ ಭದ್ರಾವತಿ ನಡುವೆ ಖಾಸಗಿ ಬಸ್ ಓಡಿಸುತ್ತಾನೆ. ಪ್ರಯಾಣಿಕರೊಬ್ಬರು ಹೇಳಿದರೆಂದು ಅವಳನ್ನು ಶಿವಮೊಗ್ಗದ ಒಂದು ಖಾಸಗಿ ಕ್ಲಿನಿಕ್ಕಿಗೆ ಕರೆದೊಯ್ದ. ಸಲೀಮಾ ಜೊತೆಗೆ ಹೋದರು. ವರದಿ ಬಂದ ದಿನ ಡಾಕ್ಟರು ಇಂಗ್ಲಿಷಿನಲ್ಲಿ, ರಕ್ತದಲ್ಲಿ 'ನ್ಯಾಚುರಲ್ ಕಿಲ್ಲರ್ ಸೆಲ್' ಹೆಚ್ಚಿವೆ, ಗರ್ಭ ನಿಲ್ಲದ್ದು ಅದಕ್ಕೇ ಎಂದರು. ಸಲೀಮಾರ ಮುಖ ನೋಡಿ, ಅವರಿಗೆ ಅರ್ಥವಾಗಲಿಲ್ಲವೆಂದು, ಪಕ್ಕದಲ್ಲಿದ್ದ ಸಲಹೆಗಾರ್ತಿ ಒಳ್ಳೆಯ ಮನಸ್ಸಿನಿಂದಲೇ ದಖ್ನಿ ಉರ್ದುವಿನಲ್ಲಿ 'ಖಾತಿಲ್' ಎಂದು ಬಿಡಿಸಿ ಹೇಳಿದಳು. ವಾಪಸು ಬರುವಾಗ ಬಸ್ಸು ಮಲವಗೊಪ್ಪ ದಾಟುವುದರೊಳಗೆ ಸಲೀಮಾ ಅದನ್ನು ಫೋನಿನಲ್ಲಿ ಇಬ್ಬರು ತಂಗಿಯರಿಗೆ ಹೇಳಿ ಮುಗಿಸಿದ್ದರು.

ಕ್ಲಿನಿಕ್ಕು ಸೂಚಿಸಿದ ಚಿಕಿತ್ಸೆ ಸ್ಟೀರಾಯ್ಡ್ ಮಾತ್ರೆ, ಜೊತೆಗೆ ತಿಂಗಳಿಗೊಮ್ಮೆ ಸೋಯಾ ಎಣ್ಣೆಯ ಬಿಳಿ ದ್ರಾವಣದ ಡ್ರಿಪ್.

ಅಲ್ಮಾಸ್ ನ್ಯೂಟೌನಿನ ಲ್ಯಾಬ್ ಒಂದರಲ್ಲಿ ಹನ್ನೊಂದು ವರ್ಷಗಳಿಂದ ತಂತ್ರಜ್ಞೆ. ಡೆಂಗಿ ಕಾಲದಲ್ಲಿ ದಿನಕ್ಕೆ ನೂರು ಜನರ ರಕ್ತಕಣ ಎಣಿಸಿದವಳು. ಕಿಲ್ಲರ್ ಎಂಬ ಹೆಸರು ಆ ಬಿಳಿಕಣಗಳಿಗೆ ಬಂದದ್ದು ಅವು ಕ್ಯಾನ್ಸರ್ ಗಡ್ಡೆಯ ಕೋಶಗಳನ್ನು, ವೈರಸ್ ಹೊಕ್ಕ ಕೋಶಗಳನ್ನು ಕೊಲ್ಲುವುದರಿಂದ ಎಂದು ಅವಳಿಗೆ ಗೊತ್ತಿತ್ತು. ಗರ್ಭಕೋಶದೊಳಗೆ ಇರುವ ಅದೇ ಕುಲದ ಕಣಗಳ ಕಸುಬು ಬೇರೆ ಎಂಬುದೂ, ತೋಳಿನ ರಕ್ತ ಎಣಿಸಿ ಗರ್ಭಕೋಶದ ಸಂಗತಿ ಹೇಳಲಾಗದು ಎಂಬುದೂ ಗೊತ್ತಿತ್ತು. ಇದನ್ನೆಲ್ಲ ಅವಳು ಮನೆಯಲ್ಲಿ ಹೇಳಿ ನೋಡಿದ್ದಳು. ಅಚ್ಚಾದ ವರದಿಯಲ್ಲಿ ಆ ಕಣಗಳ ಪ್ರಮಾಣ ಶೇಕಡಾ ೧೯.೪ ಎಂಬ ಅಂಕಿಯ ಮುಂದೆ 'ಹೆಚ್ಚು' ಎಂದು ದಪ್ಪ ಅಕ್ಷರದಲ್ಲಿತ್ತು. ಬಾಯಿಮಾತು ಅದರ ಮುಂದೆ ನಿಲ್ಲಲಿಲ್ಲ.

ಮುಬಶ್ಶಿರನಿಗೆ ಜಗಳ ಬೇಕಿರಲಿಲ್ಲ. "ಒಂದು ಡ್ರಿಪ್ ತಾನೆ, ಹಾಕಿಸ್ಕೊಂಡ್ಬಿಡು. ಅಮ್ಮಿ ಬಾಯೂ ಮುಚ್ಚುತ್ತೆ," ಎಂದ.

"ಅಮ್ಮಿ ಬಾಯಿ ಮುಚ್ಚೋಕೆ ಸೂಜಿ ನನ್ನ ಕೈಗ್ಯಾಕೆ?" ಎಂದಳು ಅಲ್ಮಾಸ್.

ಗುರುವಾರ ಪಟ್ಟಿಯಿಂದ ಹೆಸರು ಹೋದ ಮೇಲೆ ಅವಳು ಕ್ಲಿನಿಕ್ಕಿನ ಆ ದಿನವನ್ನು ಮತ್ತೆ ನೆನಪಿಸಿಕೊಂಡಳು. ಬಸ್ಸು ತಡವಾಗಿತ್ತು. ಲಿಫ್ಟ್ ಕೆಟ್ಟಿತ್ತು. ಹೆಸರು ಕೂಗುತ್ತಿದ್ದರೆಂದು ನಾಲ್ಕು ಮಹಡಿ ಓಡಿಯೇ ಹತ್ತಿದ್ದಳು. ಏದುಸಿರು ನಿಲ್ಲುವ ಮೊದಲೇ ರಕ್ತ ತೆಗೆದಿದ್ದರು. ಓಡಿದರೆ, ಹತ್ತಿದರೆ ಆ ಕಣಗಳು ರಕ್ತನಾಳಕ್ಕೆ ನುಗ್ಗಿ ಬರುತ್ತವೆ. ದಣಿವಾರಿದ ಮೇಲೆ ಇಳಿಯುತ್ತವೆ.

ಶುಕ್ರವಾರ ಬೆಳಿಗ್ಗೆ ಅವಳು ತನ್ನ ಲ್ಯಾಬಿನ ಕುರ್ಚಿಯಲ್ಲಿ ಮುಕ್ಕಾಲು ಗಂಟೆ ಅಲುಗಾಡದೆ ಕೂತಳು. ಸಹೋದ್ಯೋಗಿ ಜಗದಾಂಬಾ ರಕ್ತ ತೆಗೆದಳು. ಆಮೇಲೆ ಕಟ್ಟಡದ ಮೆಟ್ಟಿಲನ್ನು ಅಲ್ಮಾಸ್ ಹತ್ತು ಸಲ ಹತ್ತಿ ಇಳಿದಳು. ಜಗದಾಂಬಾ ಕೆಳಗೆ ಸೂಜಿ ಹಿಡಿದು ನಿಂತಿದ್ದಳು. "ಮಾರಾಯ್ತಿ, ನೀನು ಬಿದ್ದರೆ ನಾನು ಯಾವ ಫಾರ್ಮಲ್ಲಿ ಬರೀಲಿ?" ಎಂದು ಕೇಳುತ್ತಲೇ ಎರಡನೇ ಮಾದರಿ ತೆಗೆದಳು. ಎರಡೂ ಕೊಳವೆಗಳು ಬೆಂಗಳೂರಿನ ಲ್ಯಾಬಿಗೆ ಹೋದವು. ಕ್ಲಿನಿಕ್ಕು ಕಳಿಸುತ್ತಿದ್ದುದೂ ಅದೇ ಲ್ಯಾಬಿಗೆ.

ಶನಿವಾರ ಮಧ್ಯಾಹ್ನ ಉತ್ತರ ಬಂತು. ಕೂತಾಗ ೧೧.೩. ಮೆಟ್ಟಿಲು ಹತ್ತಿದ ಮೇಲೆ ೨೨.೬. ಹೆಂಗಸು ಒಬ್ಬಳೇ, ನಡುವೆ ಹೋದದ್ದು ಹದಿನೈದು ನಿಮಿಷ.

ಸಂಜೆ ಅವಳು ಎರಡೂ ಹಾಳೆಗಳನ್ನು ಕ್ಲಿನಿಕ್ಕಿನ ಡಾಕ್ಟರ ಮೇಜಿನ ಮೇಲಿಟ್ಟಳು. ಅವರು ಕೋಪಿಸಿಕೊಳ್ಳಲಿಲ್ಲ. ಅಂಕಿ ಸ್ವಲ್ಪ ಏರಿಳಿಯುತ್ತದೆ, ಆದರೂ ಮುನ್ನೆಚ್ಚರಿಕೆಯಾಗಿ ಚಿಕಿತ್ಸೆ ಕೊಡುತ್ತೇವೆ, ಎಷ್ಟೋ ಜನರಿಗೆ ಅದೊಂದು ಭರವಸೆ ಎಂದರು.

"ಯಾವ ಅಂಕಿಗೆ ಕೊಡ್ತೀರಿ ಸರ್?" ಎಂದಳು. "ಮೆಟ್ಟಿಲಿಗೆ ಮುಂಚಿನದಕ್ಕೋ, ಆಮೇಲಿನದಕ್ಕೋ?"

ಡಾಕ್ಟರು ಯೋಚಿಸಿ ಹೇಳುತ್ತೇನೆಂದರು. ಡ್ರಿಪ್ ಬೇಡವೆಂದು ಅವಳು ಕಡತದಲ್ಲಿ ಬರೆದು ಸಹಿ ಹಾಕಿದಳು.

ಆ ಹಾಳೆಗಳನ್ನು ರಾತ್ರಿ ಸಲೀಮಾರಿಗೂ ತೋರಿಸಿದಳು. ಮೊದಲ ಕಾಗದ ದೊಡ್ಡ ಡಾಕ್ಟರದ್ದು, ಇದು ನೀನೇ ಮಾಡಿಸಿಕೊಂಡು ಬಂದದ್ದು ಎಂದು ಅವರು ತಿರುಗಿಸಿ ಕೊಟ್ಟರು.

ಭಾನುವಾರ ಮಧ್ಯಾಹ್ನದ ನಮಾಜು ಮುಗಿದ ಮೇಲೆ ಹೆಂಗಸರು ನಡುಮನೆಯಲ್ಲಿ ಸೇರಿದರು. ರೂಹಿ ಹಸಿರು ಸೀರೆ ಉಟ್ಟು ಗೋಡೆಗೊರಗಿ ಕೂತು ಎರಡೂ ಕೈಯಲ್ಲಿ ಸೆರಗು ಹಿಡಿದಿದ್ದಳು. ಪಕ್ಕದ ಮನೆಯ ಶೇಷಮ್ಮನೂ ಬಂದಿದ್ದರು. ಆರು ಜನ ಮಡಿಲು ತುಂಬಿದರು. ಏಳನೆಯವರಾಗಿ ಸಲೀಮಾರ ತಂಗಿ ಏಳುವ ಮೊದಲು ಅಲ್ಮಾಸ್ ತನ್ನ ತಟ್ಟೆ ಹಿಡಿದು ರೂಹಿಯ ಎದುರು ಹೋಗಿ ಕೂತಳು.

"ಅಲ್ಮಾಸ್, ಬೇಡ," ಎಂದರು ಸಲೀಮಾ.

"ಯಾಕೆ ಬೇಡ ಅಂತ ಎಲ್ಲರ ಮುಂದೆ ಹೇಳಿ ಅಮ್ಮೀ." ಶೇಷಮ್ಮನಿಗೂ ತಿಳಿಯಲೆಂದು ಅವಳು ಕನ್ನಡದಲ್ಲೇ ಮಾತಾಡಿದಳು.

ಸಲೀಮಾ ಹಿಂಜರಿಯಲಿಲ್ಲ. "ಮೂರು ಹೋಗಿವೆ. ರಿಪೋರ್ಟಲ್ಲೇ ಖಾತಿಲ್ ಅಂತಿದೆ. ನಾನು ಕಟ್ಟಿ ಹೇಳಿದ್ದಲ್ಲ."

"ಆ ಖಾತಿಲ್ ಇಲ್ಲಿ ಕೂತಿರೋ ಎಲ್ಲರ ರಕ್ತದಲ್ಲೂ ಇದೆ, ನಿಮ್ಮದರಲ್ಲೂ ಇದೆ. ಮೊದಲ ಮೂರು ತಿಂಗಳು ರೂಹಿ ಗರ್ಭದಲ್ಲಿ ಅದೇ ಜಾತಿಯ ಕಣಗಳು ತುಂಬ್ಕೊಂಡಿದ್ವು. ಮಗುಗೆ ರಕ್ತ ಹೋಗೋ ದಾರಿ ಅಗಲ ಮಾಡೋಕೆ ದುಡಿದಿದ್ದು ಅವೇ. ಅವು ಖಾತಿಲ್ ಆದ್ರೆ ಮೊದ್ಲು ರೂಹಿನ ಎಬ್ಬಿಸಿ. ಆಮೇಲೆ ನಾನು ಏಳ್ತೀನಿ."

ಯಾರೋ ಬಾಯಿಗೆ ಸೆರಗು ಇಟ್ಟುಕೊಂಡರು. ಶೇಷಮ್ಮ ಕೂತಲ್ಲಿಂದಲೇ, "ನಂಗೂ ಎರಡು ಹೋದ್ಮೇಲೆ ವೀರೇಂದ್ರ ಹುಟ್ಟಿದ್ದು ಸಲೀಮಮ್ಮ," ಎಂದರು. "ಆಗ ಈ ಟೆಸ್ಟ್ ಇರ್ಲಿಲ್ಲ ನೋಡಿ. ಪುಣ್ಯಕ್ಕೆ ನಾನು ಕೊಲೆಗಾರ್ತಿ ಆಗದೆ ಉಳ್ಕೊಂಡೆ."

ಒಂದಿಬ್ಬರು ನಕ್ಕರು. ಸಲೀಮಾ ನಗಲಿಲ್ಲ. ಅವರು ಕೇಳಿದ ಪ್ರಶ್ನೆಯಲ್ಲಿ ಕೊಂಕು ಇರಲಿಲ್ಲ.

"ಹಾಗಾದ್ರೆ ನಿನ್ನವು ಯಾಕೆ ಹೋದವು?"

"ಗೊತ್ತಿಲ್ಲ," ಎಂದಳು ಅಲ್ಮಾಸ್. "ನನ್ನ ಥರದವರಲ್ಲಿ ಅರ್ಧ ಜನಕ್ಕೆ ಗೊತ್ತಾಗಲ್ಲ."

"ಗೊತ್ತಿಲ್ಲ ಅನ್ನೋದೂ ಒಂದು ಉತ್ತರಾನಾ?"

"ನನ್ನ ಹತ್ರ ಇರೋದು ಅದೊಂದೇ, ಅಮ್ಮೀ. ಮೂರು ಸಲ ಅತ್ತಿದ್ದೀನಿ, ನೀವೂ ನೋಡಿದ್ದೀರಿ. ಗೊತ್ತಿಲ್ಲದೆ ಇರೋದಕ್ಕೆ ನನ್ನ ಮೈಯಿಂದ ಒಂದು ಹೆಸರು ತೆಗೆದು ಇಡೋಕೆ ಮಾತ್ರ ಬಿಡಲ್ಲ."

ರೂಹಿ ಸೆರಗನ್ನು ಇನ್ನಷ್ಟು ಮುಂದಕ್ಕೆ ಚಾಚಿದಳು. "ಭಾಭಿ, ಕೈ ಸೋಲ್ತಿದೆ. ಬೇಗ ಹಾಕಿ," ಎಂದಳು.

ಅಲ್ಮಾಸ್ ಒಂದು ಸೇಬು, ಒಂದು ದಾಳಿಂಬೆ, ಎರಡು ಹಿಡಿ ಖರ್ಜೂರ ಹಾಕಿದಳು. ಸಲೀಮಾ ಕಣ್ಣಿನಲ್ಲೇ ಸನ್ನೆ ಮಾಡಿದರು. ಅವರ ತಂಗಿ ಎದ್ದು ಬಂದು ತಾವೂ ಹಾಕಿದರು. ಆಗ ಎಣಿಸುತ್ತಿದ್ದ ಹೆಂಗಸೊಬ್ಬರು ಎಂಟಾಯಿತು ಎಂದರು.

ಎಂಟು ನಡೆಯುವುದಿಲ್ಲ, ಏಳೇ ಆಗಬೇಕು ಎಂದರು ಸಲೀಮಾ. ಒಬ್ಬರದ್ದನ್ನು ಲೆಕ್ಕಕ್ಕೆ ಹಿಡಿಯಬಾರದು.

"ಯಾರದ್ದು ಅಂತ ನೀವೇ ಹೇಳಿ," ಎಂದಳು ಅಲ್ಮಾಸ್.

ಸಲೀಮಾ ತಂಗಿಯನ್ನು ನೋಡಿದರು, ಸೊಸೆಯನ್ನು ನೋಡಿದರು, ಮಗಳ ಮಡಿಲಲ್ಲಿ ಒಂದಾಗಿ ಬಿದ್ದಿದ್ದ ಹಣ್ಣುಗಳನ್ನು ನೋಡಿದರು. ಗುರುವಾರ ಹೆಸರು ತೆಗೆಯುವಾಗ ಅಲ್ಮಾಸ್ ಎದುರಿಗಿರಲಿಲ್ಲ. ಈಗ ಎರಡು ಮೊಳ ದೂರದಲ್ಲಿ ಕೂತಿದ್ದಳು. ಸಲೀಮಾ ಯಾರ ಹೆಸರನ್ನೂ ಹೇಳಲಿಲ್ಲ.

ಅಲ್ಮಾಸ್ ಜರುಗಿ ರೂಹಿಯ ಪಕ್ಕ ಗೋಡೆಗೆ ಒರಗಿದಳು. ಅತ್ತೆ ಉತ್ತರ ಕೊಡುವ ತನಕ ಇಲ್ಲೇ ಇರುತ್ತೇನೆ ಎಂದಳು. ಊಟಕ್ಕೆ ದಸ್ತರ್‌ಖಾನ್ ಹಾಸಿದಾಗಲೂ ಅವಳು ಅಲ್ಲಿಂದ ಎದ್ದಿರಲಿಲ್ಲ. ಏಳು ಎಂದು ಯಾರೂ ಹೇಳಲೂ ಇಲ್ಲ.