ಹೊಸ ಕಲ್ಲುಹುಡುಗರು

ಗಾನಿಶನ ಕುದುರೆ ಬೆನ್ನ ಮೇಲೆ ಬರಿಯ ಜೀನು ಹೊತ್ತು ಅಂಗಳಕ್ಕೆ ಬಂದು ನಿಂತಾಗ ಕಟ್ಟಾಲಿನ್ ಬೀನ್ಸ್ ಸಾರಿಗೆ ಉಪ್ಪು ಹಾಕುತ್ತಿದ್ದಳು. ಒಲೆ ಆರಿಸಿದಳು. ಮಂದೆಯಿಂದ ತಪ್ಪಿಸಿಕೊಂಡ ಕುರಿಗಳನ್ನು ಹುಡುಕಲೆಂದು ಗಂಡ ಬೆಳಿಗ್ಗೆ ಅದನ್ನೇ ಏರಿ ಗುಡ್ಡ ಹತ್ತಿದ್ದ. ಆಗ ಬಿಸಿಲಿತ್ತು. ಈಗ ಕಿಟಕಿಯಾಚೆ ಗುಡ್ಡವೇ ಇರಲಿಲ್ಲ. ಮಂಜು ಬೇಲಿಯವರೆಗೂ ಇಳಿದಿತ್ತು, ಅದರೊಳಗೆ ವರ್ಷದ ಮೊದಲ ಹಿಮ ಸಣ್ಣಗೆ ಉದುರುತ್ತಿತ್ತು.

ಪಕ್ಕದ ರ‍್ಯಾಂಚಿನ ಡೆಲಾಯ್, ಶೆರಿಫನ ಕಡೆಯವರು ಬರುವ ತನಕ ಕಾಯುವಂತೆ ಹೇಳಿದ. ಅವರು ಬರುವಷ್ಟರಲ್ಲಿ ಕತ್ತಲಾಗಿರುತ್ತದೆ ಎಂದು ಇಬ್ಬರಿಗೂ ಗೊತ್ತಿತ್ತು. ಅವರಿಗೆ ತಿಳಿಸಲು ಅವನು ಫೋನ್ ಸಿಗುವ ಕಡೆಗೆ ಪಿಕಪ್ ಓಡಿಸಿಕೊಂಡು ಹೋದ. ಅವಳು ಗುಡ್ಡದ ಕಡೆ ಹೊರಟಳು.

ಆಸ್ಪೆನ್ ತೋಪಿನಲ್ಲಿ ಅಷ್ಟಾಗಿ ಹೆದರಿಕೆಯಾಗಲಿಲ್ಲ. ಹಿಂದಿನ ಕುರಿಗಾಹಿಗಳು ಬಿಳಿ ತೊಗಟೆಯ ಮೇಲೆ ಚಾಕುವಿನಿಂದ ಕೊರೆದ ಹೆಸರುಗಳು, ಹುಟ್ಟೂರಲ್ಲಿ ಬಿಟ್ಟು ಬಂದ ಹೆಂಗಸರ ಹೆಸರುಗಳು, ಗಾಯದ ಹಾಗೆ ಕಪ್ಪಗೆ ಊದಿಕೊಂಡಿದ್ದವು. ಅಪ್ಪನ ಹೆಸರೂ ಅಲ್ಲೇ ಎಲ್ಲೋ ಇತ್ತು. ಅವಳು ನಿಲ್ಲಲಿಲ್ಲ. ಮರಗಳು ಮುಗಿದ ಮೇಲೆ ಬೋಳು ದಿಣ್ಣೆ. ಅಲ್ಲಿಂದ ಮುಂದೆ ಕಲ್ಲುಹುಡುಗರೇ ದಾರಿ. ಆ ಕುರಿಗಾಹಿಗಳೇ ಭುಜದೆತ್ತರಕ್ಕೆ ಕಲ್ಲು ಪೇರಿಸಿ ನಿಲ್ಲಿಸಿದ ಗುರುತುಗಳು ಅವು. ಬಿಸಿಲಲ್ಲಾದರೆ ಒಂದರ ಬಳಿ ನಿಂತರೆ ಇನ್ನೊಂದು ಕಾಣುತ್ತದೆ.

ಈಗ ಚಾಚಿದ ಕೈಯ ಬೆರಳೂ ಮಸುಕಾಗಿತ್ತು. ಗಾಳಿಯನ್ನು ಬಲಗೆನ್ನೆಗೆ ಕೊಟ್ಟುಕೊಂಡು ಒಂದೊಂದನ್ನೇ ಮುಟ್ಟುತ್ತ ನಡೆದಳು. ಆಮೇಲೆ ಒಂದು, ಬರಬೇಕಾದ್ದಕ್ಕಿಂತ ಬೇಗ ಎದುರಾಯಿತು. ಕೈಗವಸು ತೆಗೆದು ಸವರಿದಳು. ಹಳೆಯವುಗಳ ಮೈಮೇಲೆ ಕಲ್ಲುಹೂವು ಹಕ್ಕಳೆಗಟ್ಟಿರುತ್ತದೆ. ಇದರ ಮೈ ನುಣ್ಣಗಿತ್ತು.

ಇದು ಕುರಿಗಾಹಿಗಳದಲ್ಲ, ಹೊಸದು. ಬೇಸಿಗೆಯಲ್ಲಿ ಬಂದ ಪ್ರವಾಸಿಗರು ಕಣಿವೆ ಚೆನ್ನಾಗಿ ಕಾಣುವ ಕಡೆಯೆಲ್ಲ ಕಲ್ಲು ಪೇರಿಸಿ ಫೋಟೋ ತೆಗೆಸಿಕೊಂಡಿದ್ದರು. ಇವರಿಗೂ ಕುರಿ ಕಾಯುವ ಆಸೆ ಬಂದಿದೆ ಎಂದು ಗಾನಿಶ್ ನಕ್ಕಿದ್ದ. ಕಣಿವೆ ಚೆನ್ನಾಗಿ ಕಾಣುವುದು ಪ್ರಪಾತದ ಅಂಚಿನಿಂದ. ಗಾನಿಶನ ಕಣ್ಣಿಗೆ ಪೊರೆ ಬಂದಿತ್ತು, ಡಾಕ್ಟರ ಹತ್ತಿರ ಹೋಗಿರಲಿಲ್ಲ. ಸರಿಯಾದ ದಾರಿಯಲ್ಲಿ ಇಳಿದಿದ್ದರೆ ಇಷ್ಟು ಹೊತ್ತಿಗೆ ಎದುರಿಗೇ ಸಿಗಬೇಕಿತ್ತು. ಹಾಗಾದರೆ ಅವನನ್ನು ಹುಡುಕಬೇಕಾದದ್ದು ಈ ಸುಳ್ಳು ಹುಡುಗರ ಹಿಂದೆಯೇ.

ಕಾಲು ಒಪ್ಪಲಿಲ್ಲ. ಮಂಡಿಯೂರಿ, ಮುಂದಿನ ನೆಲವನ್ನು ಕೈಯಿಂದ ಬಡಿದು ನೋಡುತ್ತ ಹೋದಳು. ಹೊಸ ಗುಪ್ಪೆ ಇನ್ನೊಂದು ಸಿಕ್ಕಿತು. ಕೂಗಿದಳು, ಮಂಜು ಕೂಗನ್ನು ಬಾಯಿಯ ಬಳಿಯೇ ನುಂಗಿತು. ಆಮೇಲೆ ಎಲ್ಲೋ ಹತ್ತಿರದಲ್ಲಿ ಕಲ್ಲಿಗೆ ಕಲ್ಲು ತಾಗಿ ಟಕ್ ಎಂದಿತು. ಸುಮ್ಮನಾಯಿತು. ಮತ್ತೆ ಟಕ್ ಎಂದಿತು.

"ಗಾನಿಶ್?"

"ಅಲ್ಲೇ ಇರು. ಒಂದ್ ಹೆಜ್ಜೆನೂ ಇಡ್ಬೇಡ."

ದನಿ ಗಂಡನದೇ, ಆದರೆ ಪಿಸುಮಾತು. ಕುದುರೆ ಬೆದರಿ ಕೆಡವಿತಂತೆ. ಕಲ್ಲುಹುಡುಗರನ್ನೇ ನಂಬಿ ನಡೆದನಂತೆ. ಮುಂದಿಟ್ಟ ಕಾಲಿಗೆ ನೆಲ ಸಿಗದೆ ಹಿಂದಕ್ಕೆ ಬಿದ್ದನಂತೆ. ಆಗಿನಿಂದ ಕೂತಲ್ಲೇ ಕೂತು, ಗುಪ್ಪೆಯ ಕಲ್ಲು ಒಂದೊಂದನ್ನೇ ಕಿತ್ತು ಸುತ್ತ ಎಸೆದು ಕೇಳಿಸಿಕೊಳ್ಳುತ್ತಿದ್ದ. ಒಂದು ಕಡೆ ಮಾತ್ರ ಸದ್ದು ಬರುತ್ತಿತ್ತು. ಉಳಿದ ಕಡೆ ಎಸೆದ ಕಲ್ಲು ಬೀಳುತ್ತಲೇ ಇರಲಿಲ್ಲ. ಬಂದ ಸದ್ದು ಯಾವ ಕಡೆಯಿಂದ ಎಂಬುದೂ ಅವನಿಗೆ ಈಗ ಮರೆಯತೊಡಗಿತ್ತು.

"ನನ್ ದನಿ ಕಡೆ ಎಸಿ," ಎಂದಳು.

"ನಿನ್ ತಲೆಗೆ ಬಿದ್ರೆ?"

"ನೀನು ಎಸೆದದ್ದು ಯಾವತ್ತು ಗುರಿಗೆ ಬಿದ್ದಿದೆ? ಎಸಿ ಮಾರಾಯ."

ಅವಳ ಪಕ್ಕದಲ್ಲೇ ದೊಪ್ಪೆಂದಿತು. ಅವಳು ಹೊಟ್ಟೆಯ ಮೇಲೆ ಮಲಗಿ ತೆವಳಿದಳು. ಕೈಗೆ ಬೂಟು ಸಿಕ್ಕಿತು. ಹಿಡಿದು ಎಳೆದರೂ ಅದು ಕದಲಲಿಲ್ಲ.

"ಕಾಲು ಬರ್ತಿಲ್ಲ, ಕಟ್ಟಾ."

"ಮುರಿದಿದ್ಯಾ?"

"ಇಲ್ಲ. ಬರ್ತಿಲ್ಲ ಅಷ್ಟೆ."

ಅವಳಿಗೆ ಅರ್ಥವಾಯಿತು. ತನಗೆ ಹೆದರಿಕೆ ಎಂದು ಅವನು ಈ ಗುಡ್ಡದಲ್ಲಿ ಯಾವತ್ತೂ ಹೇಳಿದವನಲ್ಲ, ಈಗಲೂ ಹೇಳಿರಲಿಲ್ಲ. ಅವಳ ಹಲ್ಲುಗಳೂ ಕಟಕಟ ಎನ್ನುತ್ತಿದ್ದವು.

"ಬೋರಲು ಮಲಕ್ಕೊ. ಕುರಿಮರಿ ಥರ ಎಳ್ಕೊಂಡ್ ಹೋಗ್ತೀನಿ. ಊರಲ್ಲಿ ಯಾರಿಗೂ ಹೇಳಲ್ಲ."

"ಡೆಲಾಯ್‌ಗೆ?"

"ಅವನಿಗೇ ಮೊದಲು ಹೇಳೋದು."

ಮಂಜಿನೊಳಗಿಂದ ನಗುವಿನಂಥದ್ದೇನೋ ಬಂತು. ಬೂಟು ಕದಲಿತು, ಅವನು ಅವಳ ಕಡೆ ತಲೆ ಮಾಡಿ ಬೋರಲಾದ. ಅವನ ತೋಳನ್ನು ಹಿಡಿದು ಅವಳು ಹಿಂದಕ್ಕೆ ಸರಿದಳು, ಅವನು ಮುಂದಕ್ಕೆ ತೆವಳಿದ. ಸ್ವಲ್ಪ ದೂರ ಹಾಗೇ ಬಂದರು.

ಆಗ ಗಾಳಿ ಬೀಸಿ ಮಂಜು ಒಂದು ಉಸಿರಿನಷ್ಟು ಹೊತ್ತು ತೆರೆದುಕೊಂಡಿತು. ಅವನ ಹೆಗಲ ಮೇಲಿಂದ ಅವಳಿಗೆ ಕಂಡಿತು: ಅವನು ಕೂತಿದ್ದ ಬಂಡೆ ಮನೆಯ ಸೂರಿನ ಹಾಗೆ ಹೊರಕ್ಕೆ ಚಾಚಿಕೊಂಡಿತ್ತು. ಅದರ ಅಡಿಯಲ್ಲಿ ಏನೂ ಇರಲಿಲ್ಲ. ಬಂಡೆ ಗುಡ್ಡಕ್ಕೆ ಕೂಡುವ ಕಡೆ ಅಡ್ಡಕ್ಕೆ ಒಂದು ಬಿರುಕು, ಅದರೊಳಕ್ಕೆ ಹಿಮ ಸದ್ದಿಲ್ಲದೆ ಜಾರುತ್ತಿತ್ತು. ಗಾನಿಶನ ಕಾಲು ಇನ್ನೂ ಬಿರುಕಿನ ಆಚೆ ಇತ್ತು.

"ಏನ್ ನೋಡ್ತಿದ್ದೀಯ?" ಎಂದು ಕೇಳಿದ.

"ಏನಿಲ್ಲ. ಹಗುರಕ್ಕೆ ಬಾ. ಬಾ."